ನೀರನ್ನು ಹಿಂಬಾಲಿಸಿ ಹೊರಟ ಮನೆತನ

ಬಟ್ಟೆಗೆ ಬಣ್ಣ ಕೊಡುವ ಕಸುಬಿನವರು ಮನೆ ಕಟ್ಟುವ ಮೊದಲು ಏನನ್ನು ನೋಡುತ್ತಾರೆ? ನಾವಾದರೆ ರಸ್ತೆ, ಮಸೀದಿ, ಮಕ್ಕಳ ಶಾಲೆ, ಪೇಟೆಗೆ ಇರುವ ದೂರ ಇವನ್ನೆಲ್ಲ ನೋಡುತ್ತೇವೆ. ಅವರು ನೋಡುವುದು ನೀರನ್ನು. ನೀರು ಎಷ್ಟಿದೆ ಎಂಬುದರ ಜೊತೆಗೆ ಅದು ಎಂಥದ್ದು, ಅದರಲ್ಲಿ ಏನೇನು ಕರಗಿದೆ, ಕೆಂಪು ಬಣ್ಣ ಅದರಲ್ಲಿ ಕೆಂಪಾಗಿಯೇ ಉಳಿಯುತ್ತದೆಯೇ ಎಂಬುದೆಲ್ಲ ಅವರಿಗೆ ಮುಖ್ಯ. ಗುಜರಾತಿನ ಕಛ್ ಜಿಲ್ಲೆಯ ಖತ್ರಿ ಮನೆತನವೊಂದು ಸುಮಾರು ನಾಲ್ಕುನೂರು ವರ್ಷಗಳ ಅವಧಿಯಲ್ಲಿ ಎರಡು ಬಾರಿ ಊರು ಬದಲಿಸಿತು. ಎರಡು ಬಾರಿಯೂ ಅದು ಅರಸಿ ಹೋದದ್ದು ನೀರನ್ನೇ.

ಈ ಮನೆತನದವರು ತಯಾರಿಸುವ ಬಟ್ಟೆಯ ಹೆಸರು ಅಜ್ರಖ್. ಗಾಢ ನೀಲಿ ಮತ್ತು ಇಟ್ಟಿಗೆಗೆಂಪು ಬಣ್ಣಗಳ ನಡುವೆ ಕಪ್ಪು, ಬಿಳಿ ಗೆರೆಗಳು. ನಕ್ಷತ್ರ, ವೃತ್ತ, ಹೂಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡು ಹಳೆಯ ಮಸೀದಿಗಳ ಕಿಟಕಿಯ ಜಾಲರಿಯನ್ನು ನೆನಪಿಸುತ್ತವೆ. ಮನುಷ್ಯರ ಅಥವಾ ಪ್ರಾಣಿಗಳ ಚಿತ್ರ ಅದರಲ್ಲಿ ಕಾಣಿಸುವುದಿಲ್ಲ. ಬೆಂಗಳೂರು, ಮಂಗಳೂರಿನ ಅಂಗಡಿಗಳಲ್ಲಿ ಈಗ ಅಜ್ರಖ್ ಸೀರೆ, ಚೂಡಿದಾರ್, ದುಪಟ್ಟಾಗಳು ಧಾರಾಳವಾಗಿ ಸಿಗುತ್ತವೆ. ಸಿಗುವುದೆಲ್ಲವೂ ಅಜ್ರಖ್ ಅಲ್ಲ ಎಂಬ ಮಾತು ಬೇರೆ. ಅದನ್ನು ಮುಂದೆ ನೋಡೋಣ.

ಅರಬಿ ಭಾಷೆಯಲ್ಲಿ 'ಅಝ್ರಖ್' ಎಂದರೆ ನೀಲಿ. ಹೆಸರು ಬಂದದ್ದು ಅದರಿಂದಲೇ ಎಂದು ಹೆಚ್ಚಿನವರು ಹೇಳುತ್ತಾರೆ. ಕಸುಬುದಾರರು ಮಾತ್ರ ನಗುತ್ತಾ ಬೇರೆಯೇ ಅರ್ಥ ಕೊಡುವುದುಂಟು. 'ಆಜ್ ರಖ್', ಅಂದರೆ 'ಇವತ್ತಿಗೆ ಹಾಗೇ ಇಡು'. ಬಟ್ಟೆಯನ್ನು ಒಂದೊಂದು ಹಂತದ ನಂತರವೂ ಅವಸರಪಡಿಸದೆ ಹಾಗೇ ಬಿಡಬೇಕು, ಆಗಲೇ ಬಣ್ಣ ಹಿಡಿಯುವುದು. ಭಾಷಾಪಂಡಿತರು ಒಪ್ಪಲಿಕ್ಕಿಲ್ಲ. ಆದರೆ ಈ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಎರಡನೆಯ ಅರ್ಥವೇ ಹೆಚ್ಚು ಸರಿಯೆನಿಸಿದರೆ ಆಶ್ಚರ್ಯವಿಲ್ಲ.

ಸಿಂಧ್‌ನಿಂದ ಧಮಡ್ಕಾಕ್ಕೆ

ಖತ್ರಿಗಳ ಪೂರ್ವಜರು ಸಿಂಧ್ ಪ್ರಾಂತದವರು. ಕಛ್‌ನ ದೊರೆ ರಾವ್ ಭಾರ್ಮಲ್‌ಜಿ ಅವರನ್ನು ತನ್ನ ರಾಜ್ಯಕ್ಕೆ ಕರೆಸಿಕೊಂಡನೆಂದು ಮನೆತನದ ಹಿರಿಯರು ಹೇಳುತ್ತಾ ಬಂದಿದ್ದಾರೆ. ಎಲ್ಲಿ ಬೇಕಾದರೂ ನೆಲೆಸಿ ಎಂದು ದೊರೆ ಹೇಳಿದಾಗ ಅವರು ಆರಿಸಿಕೊಂಡದ್ದು ಭುಜ್‌ನಿಂದ ಪೂರ್ವಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ ಧಮಡ್ಕಾ ಎಂಬ ಜಾಗವನ್ನು. ಕಾರಣ ಅಲ್ಲಿ ಹರಿಯುತ್ತಿದ್ದ ಸಾರಣ್ ನದಿ. ಬಂದಾಗ ಅವರು ಹಿಂದೂಗಳಾಗಿದ್ದರು, ಕೆಲವು ತಲೆಮಾರುಗಳ ನಂತರ ಇಸ್ಲಾಮ್ ಸ್ವೀಕರಿಸಿದರು ಎಂಬುದೂ ಆ ಮನೆತನದ ನೆನಪಿನಲ್ಲಿ ಉಳಿದಿದೆ. ಧರ್ಮ ಬದಲಾದ ಮೇಲೂ ಕಸುಬು ಬದಲಾಗಲಿಲ್ಲ, ಗಿರಾಕಿಗಳೂ ಬದಲಾಗಲಿಲ್ಲ. ಬನ್ನಿ ಹುಲ್ಲುಗಾವಲಿನ ಮುಸ್ಲಿಮ್ ದನಗಾಹಿಗಳಿಗೆ ಅಜ್ರಖ್, ರಬಾರಿ, ಆಹಿರ್ ಮುಂತಾದ ಹಿಂದೂ ಸಮುದಾಯಗಳ ಹೆಂಗಸರಿಗೆ ಅವರವರ ರೂಢಿಯ ಬಟ್ಟೆ. ಯಾವ ಜಾತಿಯವರ ಮದುಮಗಳಿಗೆ ಯಾವ ಬಣ್ಣ, ವಿಧವೆಗೆ ಯಾವುದು, ಅಜ್ಜಿಗೆ ಯಾವುದು ಎಂಬುದೆಲ್ಲ ಈ ಮುಸ್ಲಿಮ್ ಬಣ್ಣಗಾರರಿಗೆ ಬಾಯಿಪಾಠ. ಬಟ್ಟೆಗೆ ಬದಲಾಗಿ ಹಾಲು, ತುಪ್ಪ, ಉಣ್ಣೆ, ಧಾನ್ಯ ಕೊಡುವ ಕೊಳುಕೊಡೆ ಎಷ್ಟೋ ತಲೆಮಾರು ನಡೆಯಿತು.

ದನಗಾಹಿ ಗಂಡಸರಿಗೆ ಅಜ್ರಖ್ ಎಲ್ಲದಕ್ಕೂ ಒದಗುವ ಬಟ್ಟೆಯಾಗಿತ್ತು. ಸೊಂಟಕ್ಕೆ ಲುಂಗಿ, ತಲೆಗೆ ಮುಂಡಾಸು, ಹೆಗಲಿಗೆ ಶಾಲು. ಪೇಟೆಗೆ ಹೋದಾಗ ಅದೇ ಗಂಟು ಕಟ್ಟುವ ಬಟ್ಟೆ, ಮನೆಯಲ್ಲಿ ಅದೇ ಮಗುವಿನ ತೊಟ್ಟಿಲು. ಉತ್ತಮ ಅಜ್ರಖ್‌ಗೆ ಎರಡು ಬದಿಯಲ್ಲೂ ಅಚ್ಚು ಒತ್ತುತ್ತಾರೆ. ಇದಕ್ಕೊಂದು ಸ್ವಾರಸ್ಯದ ಕಾರಣ ಹೇಳುತ್ತಾರೆ. ದನಗಾಹಿಗಳು ನಸುಕಿಗೆ ಮೊದಲೇ ಏಳುವವರು. ಕತ್ತಲಲ್ಲಿ ಬಟ್ಟೆ ಸುತ್ತಿಕೊಳ್ಳುವಾಗ ಒಳಗಿನ ಬದಿ ಯಾವುದು, ಹೊರಗಿನದು ಯಾವುದು ಎಂದು ಹುಡುಕುವ ಕಷ್ಟ ಬೇಡವಂತೆ!

ಅಂಗಳವೇ ಕಾರ್ಖಾನೆ

ಈ ಕೆಲಸಕ್ಕೆ ಬೇಕಾದ ಸಾಮಾನುಗಳ ಪಟ್ಟಿ ಓದಿದರೆ ನಮ್ಮ ಅಡುಗೆಮನೆಯ, ಇಲ್ಲವೇ ಹಳ್ಳಿಯ ದಿನಸಿ ಅಂಗಡಿಯ ನೆನಪಾಗುತ್ತದೆ. ಹರಳೆಣ್ಣೆ, ಅಣಲೆಕಾಯಿ, ಸುಣ್ಣ, ಬೆಲ್ಲ, ಕಡಲೆಹಿಟ್ಟು, ಹುಣಿಸೆಬೀಜದ ಪುಡಿ, ಪಟಕ, ಮಂಜಿಷ್ಠದ ಬೇರು, ದಾಳಿಂಬೆ ಸಿಪ್ಪೆ, ಜಾಲಿಯ ಅಂಟು. ಇವುಗಳ ಜೊತೆಗೆ ಗುಜರಿ ಕಬ್ಬಿಣ ಮತ್ತು ಒಂಟೆಯ ಲದ್ದಿ.

ಮೊದಲ ಕೆಲಸ ಬಟ್ಟೆಯ ಗಂಜಿ ತೆಗೆಯುವುದು. ಲದ್ದಿ, ಸೋಡಾ ಮತ್ತು ಹರಳೆಣ್ಣೆ ಕಲಸಿದ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ರಾಶಿ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಮರುದಿನ ಬಿಸಿಲಿಗೆ ಹರವುತ್ತಾರೆ. ಹೀಗೆ ಹಲವು ಬಾರಿ. ಬಟ್ಟೆಯನ್ನು ನೀರಿನಲ್ಲಿ ಉಜ್ಜಿದಾಗ ಬಿಳಿಯ ನೊರೆ ಬಂದರೆ ಅದು ಸಿದ್ಧವಾಯಿತೆಂದು ಲೆಕ್ಕ. ನಂತರ ಅಣಲೆಕಾಯಿಯ ನೀರಿನಲ್ಲಿ ಅದ್ದುತ್ತಾರೆ, ಬಿಳಿ ಬಟ್ಟೆ ತೆಳು ಹಳದಿಯಾಗುತ್ತದೆ. ಈ ಹಳದಿ ಬಣ್ಣ ಕೊನೆಗೆ ಎಲ್ಲೂ ಕಾಣಿಸುವುದಿಲ್ಲ. ಆದರೆ ಅಣಲೆಕಾಯಿಯಲ್ಲಿರುವ ಒಗರು ಇಲ್ಲದೆ ಮುಂದಿನ ಬಣ್ಣಗಳು ನಿಲ್ಲುವುದೇ ಇಲ್ಲ.

ಆ ಮೇಲೆ ಅಚ್ಚು ಒತ್ತುವ ಕೆಲಸ. ಅಚ್ಚುಗಳನ್ನು ಕೆತ್ತುವುದು ಬೇರೆಯೇ ಕಸುಬುದಾರರು, ಗಾಂಧಿನಗರದ ಬಳಿಯ ಪೇಥಾಪುರ ಅದಕ್ಕೆ ಹೆಸರುವಾಸಿ. ತೇಗದ ತುಂಡಿನಲ್ಲಿ ಕೆತ್ತಿದ ಈ ಅಚ್ಚುಗಳು ಜೊತೆಜೊತೆಯಾಗಿ ಇರುತ್ತವೆ. ಗೆರೆಗೆ ಒಂದು, ಕಪ್ಪಿಗೆ ಒಂದು, ಕೆಂಪಿಗೆ ಒಂದು. ಎಲ್ಲವೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಮೊದಲು ಸುಣ್ಣ ಮತ್ತು ಅಂಟಿನ ಮಿಶ್ರಣದಿಂದ ಗೆರೆಗಳನ್ನು ಒತ್ತುತ್ತಾರೆ. ಕೊನೆಯಲ್ಲಿ ಬಿಳಿಯಾಗಿ ಉಳಿಯಬೇಕಾದ ಜಾಗಗಳಿವು. ನಂತರ ಕಪ್ಪು. ಲಾಳ, ಮೊಳೆ, ಮುರಿದ ಕಬ್ಬಿಣದ ತುಂಡುಗಳನ್ನು ಬೆಲ್ಲ ಮತ್ತು ಕಡಲೆಹಿಟ್ಟಿನ ಜೊತೆ ನೀರಿನಲ್ಲಿ ಹಾಕಿ ಎರಡು ಮೂರು ವಾರ ಹುಳಿ ಬರಿಸಿ, ಆ ದ್ರವಕ್ಕೆ ಹುಣಿಸೆಬೀಜದ ಹಿಟ್ಟು ಬೆರೆಸಿ ಕುದಿಸಿದ ಗಂಜಿ ಅದು. ಅಚ್ಚಿನಿಂದ ಒತ್ತಿದ ಕೂಡಲೇ ಬಟ್ಟೆಯ ಮೇಲೆ ಕಪ್ಪು ಮೂಡುತ್ತದೆ.

ಇದರ ಮರ್ಮ ನಮಗೆಲ್ಲ ಗೊತ್ತಿರುವಂಥದ್ದೇ. ಬಾಳೆಕಾಯಿ ಅಥವಾ ಬಾಳೆಹೂವನ್ನು ಕಬ್ಬಿಣದ ಕತ್ತಿಯಲ್ಲಿ ಹೆಚ್ಚಿದರೆ ಕತ್ತಿಯೂ ಕೈಯೂ ಕಪ್ಪಾಗುತ್ತದಲ್ಲವೇ? ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಅಣಲೆಕಾಯಿಯ ಒಗರು ಬಟ್ಟೆಯಲ್ಲಿದೆ, ಅಚ್ಚಿನ ಗಂಜಿಯಲ್ಲಿ ಕಬ್ಬಿಣವಿದೆ. ಈ ಸಣ್ಣ ವಿಷಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಈ ಮನೆತನಕ್ಕೆ ಒದಗಿದ ಸಂಕಟದ ಬೇರು ಇದರಲ್ಲೇ ಇದೆ.

ಕೆಂಪು ಬರಬೇಕಾದ ಜಾಗಗಳಿಗೆ ಪಟಕದ ಗಂಜಿ ಒತ್ತುತ್ತಾರೆ. ಪಟಕಕ್ಕೆ ಬಣ್ಣವಿಲ್ಲದ ಕಾರಣ, ಒತ್ತಿದ್ದು ಕಣ್ಣಿಗೆ ಕಾಣಲೆಂದು ಸ್ವಲ್ಪ ಕೆಮ್ಮಣ್ಣು ಬೆರೆಸುತ್ತಾರೆ. ಆ ಜಾಗಗಳನ್ನು ಜೇಡಿಮಣ್ಣು, ಅಂಟು ಸೇರಿಸಿದ ಲೇಪದಿಂದ ಮುಚ್ಚಿ, ಮರದ ಹೊಟ್ಟು ಉದುರಿಸಿ ಒಣಗಿಸಿ, ಇಡೀ ಬಟ್ಟೆಯನ್ನು ನೀಲಿಯ ತೊಟ್ಟಿಗೆ ಇಳಿಸುತ್ತಾರೆ. ತೊಟ್ಟಿಯಿಂದ ಮೇಲೆತ್ತುವಾಗ ಬಟ್ಟೆ ನೀಲಿಯಾಗಿರುವುದಿಲ್ಲ, ಹಸಿರು ಮಿಶ್ರಿತ ಹಳದಿಯಾಗಿರುತ್ತದೆ. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಆಮೇಲೆ ಧಾರಾಳ ನೀರಿನಲ್ಲಿ ತೊಳೆದು, ಕಟ್ಟಿಗೆ ಒಲೆಯ ಮೇಲಿನ ದೊಡ್ಡ ತಾಮ್ರದ ಹಂಡೆಯಲ್ಲಿ ಮಂಜಿಷ್ಠದ ಜೊತೆ ಕುದಿಸುತ್ತಾರೆ. ಪಟಕ ಇದ್ದಲ್ಲಿ ಮಾತ್ರ ಕೆಂಪು ಹಿಡಿಯುತ್ತದೆ, ಸುಣ್ಣ ಇದ್ದಲ್ಲಿ ಬಿಳಿ ಉಳಿಯುತ್ತದೆ. ಮತ್ತೆ ತೊಳೆತ, ಮತ್ತೆ ಬಿಸಿಲು. ಇನ್ನೂ ಗಾಢವಾಗಬೇಕಿದ್ದರೆ ಪುನಃ ಲೇಪ, ಪುನಃ ನೀಲಿ. ಒಟ್ಟು ಹದಿನಾಲ್ಕರಿಂದ ಹದಿನಾರು ಹಂತಗಳೆಂದು ಎಣಿಸುತ್ತಾರೆ. ಎರಡು ಮೂರು ವಾರಗಳು ಬೇಕು. ಮೋಡ ಕವಿದರೆ ಇನ್ನಷ್ಟು ದಿನ.

ಇದೆಲ್ಲ ನಡೆಯುವುದು ಮನೆಗೆ ಹೊಂದಿಕೊಂಡ ಕೊಟ್ಟಿಗೆಯಂಥ ಶೆಡ್ಡಿನಲ್ಲಿ, ಅಂಗಳದ ತೊಟ್ಟಿಯಲ್ಲಿ, ಮನೆಯ ಹಿಂದಿನ ಬಯಲಿನಲ್ಲಿ. ಮಗು ನಡೆಯಲು ಕಲಿಯುವುದೇ ಒಣಹಾಕಿದ ಬಟ್ಟೆಗಳ ನಡುವೆ. ಯಾವ ಪುಸ್ತಕವೂ ಇಲ್ಲ, ತೂಕದ ಲೆಕ್ಕವೂ ಕಡಿಮೆ. ನೀಲಿಯ ತೊಟ್ಟಿ ಹದಕ್ಕೆ ಬಂದಿದೆಯೇ ಎಂಬುದನ್ನು ವಾಸನೆಯಿಂದ ಹೇಳಬಲ್ಲ ಅಜ್ಜನ ಪಕ್ಕದಲ್ಲಿ ನಿಂತು ಮೊಮ್ಮಗ ಕಲಿಯುತ್ತಾನೆ.

ಅಗ್ಗದ ಬಣ್ಣ ಬಂದಾಗ

ಜರ್ಮನಿಯ ವಿಜ್ಞಾನಿಗಳು 1868ರಲ್ಲಿ ಮಂಜಿಷ್ಠದ ಕೆಂಪನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಅದರ ಅಲೆ ನಿಧಾನವಾಗಿ ಕಛ್‌ನ ಹಳ್ಳಿಗಳಿಗೂ ತಲುಪಿತು. ಡಬ್ಬಿಯಲ್ಲಿ ಸಿಗುವ ಬಣ್ಣ ಇರುವಾಗ ಮೂರು ವಾರ ಲಾಳ ನೆನೆಸಿಡುವವರು ಯಾರು? ಇಪ್ಪತ್ತನೆಯ ಶತಮಾನದ ನಡುವಿಗೆ ಬರುವಾಗ ಬಹುತೇಕ ಬಣ್ಣಗಾರರು ರಾಸಾಯನಿಕ ಬಣ್ಣಗಳಿಗೆ ಹೊರಳಿದ್ದರು. ಇನ್ನೊಂದು ಕಡೆಯಿಂದ ಗಿರಣಿಯ ಪಾಲಿಯೆಸ್ಟರ್ ಬಟ್ಟೆ ಬಂತು. ಒಗೆದರೆ ಬೇಗ ಒಣಗುವ, ಹರಿಯದ, ಅಗ್ಗದ ಬಟ್ಟೆ. ದನಗಾಹಿಗಳು ಅದನ್ನೇ ಕೊಂಡರು. ಅವರನ್ನು ದೂರುವಂತಿಲ್ಲ, ಬಡವನಿಗೆ ಬಾಳಿಕೆ ಮತ್ತು ಬೆಲೆ ಮುಖ್ಯ.

ಧಮಡ್ಕಾದ ಮುಹಮ್ಮದ್ ಸಿದ್ದೀಕ್ ಖತ್ರಿ ಎಂಬವರು ಈ ಹೊತ್ತಿನಲ್ಲಿ ಹಿಂದಕ್ಕೆ ನಡೆದರು. ಅಜ್ಜಂದಿರು ಬಳಸುತ್ತಿದ್ದ ಬೇರು, ಸಿಪ್ಪೆ, ಕಬ್ಬಿಣದ ಕಷಾಯಗಳನ್ನು ಮತ್ತೆ ಒಲೆಗೆ ಹಾಕಿದರು. ಗುಜರಾತ್ ಸರಕಾರದ ಕರಕುಶಲ ನಿಗಮದ 'ಗುರ್ಜರಿ' ಮಳಿಗೆಗಳು ನಗರದ ಗಿರಾಕಿಗಳನ್ನು ಒದಗಿಸಿದವು. ತನ್ನ ಮೂವರು ಗಂಡುಮಕ್ಕಳಾದ ಅಬ್ದುಲ್ ರಝಾಕ್, ಇಸ್ಮಾಯೀಲ್ ಮತ್ತು ಅಬ್ದುಲ್ ಜಬ್ಬಾರ್‌ಗೆ ಅವರು ಎಲ್ಲವನ್ನೂ ಕಲಿಸಿದರು. ಲಾಭ ಕೈಗೆ ಸಿಗುವ ಖಾತರಿ ಇಲ್ಲದ ಕಾಲದಲ್ಲಿ ಮೂವರು ಮಕ್ಕಳನ್ನೂ ಒಂದೇ ಕಸುಬಿಗೆ ಹಚ್ಚುವುದೆಂದರೆ ಸಣ್ಣ ಧೈರ್ಯವಲ್ಲ. ನಮ್ಮ ಊರುಗಳಲ್ಲಿ ಅದೇ ಕಾಲಕ್ಕೆ ಮಕ್ಕಳನ್ನು ಗಲ್ಫ್‌ಗೆ ಕಳುಹಿಸುವ ಯೋಚನೆ ಮನೆಮನೆಗೆ ಬಂದಿತ್ತು ಎಂಬುದನ್ನು ನೆನೆದರೆ ಆ ತಂದೆಯ ತೀರ್ಮಾನದ ತೂಕ ತಿಳಿಯುತ್ತದೆ.

ಮುಂದೆ ಈ ಮನೆಯ ಅಂಗಳಕ್ಕೆ ದೇಶವಿದೇಶದ ವಸ್ತ್ರತಜ್ಞರು ಬರತೊಡಗಿದರು. ಈಜಿಪ್ಟಿನ ಹಳೆಯ ಕೈರೋ, ಅಂದರೆ ಫುಸ್ತಾತ್‌ನ ಉತ್ಖನನದಲ್ಲಿ ಗುಜರಾತಿನಿಂದ ಹೋದ ಅಚ್ಚಿನ ಬಟ್ಟೆಯ ನೂರಾರು ತುಂಡುಗಳು ಸಿಕ್ಕಿವೆ. ಮಧ್ಯಯುಗದ ಆ ತುಂಡುಗಳಲ್ಲಿ ಕೆಲವು ವಿನ್ಯಾಸಗಳು ಧಮಡ್ಕಾದ ಅಚ್ಚುಗಳಿಗೆ ತೀರಾ ಹತ್ತಿರ. ಯಾವುದೋ ಕಾಲದ ಮುಸ್ಲಿಮ್ ವರ್ತಕ ಹಡಗಿನಲ್ಲಿ ಸಾಗಿಸಿದ ಬಟ್ಟೆ ನೈಲ್ ನದಿಯ ಮಣ್ಣಿನಡಿ ಉಳಿದಿದೆ, ಅದರ ವಿನ್ಯಾಸ ಇಲ್ಲಿ ಒಂದು ಮನೆಯ ಕಪಾಟಿನಲ್ಲಿ ಉಳಿದಿದೆ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಇಸ್ಮಾಯೀಲ್ ಖತ್ರಿಯವರಿಗೆ ಗೌರವ ಡಾಕ್ಟರೇಟ್ ನೀಡಿತು.

ಆದರೆ ಆ ಗೌರವ ಬರುವಾಗ ಅವರ ಊರು ಮೊದಲಿನಂತೆ ಉಳಿದಿರಲಿಲ್ಲ.

ನೆಲ ನಡುಗಿತು, ನೀರು ಕೆಟ್ಟಿತು

2001ರ ಜನವರಿ 26. ಶಾಲೆಗಳಲ್ಲಿ ಗಣರಾಜ್ಯ ದಿನದ ಧ್ವಜಾರೋಹಣ ನಡೆಯುವ ಹೊತ್ತು. ಬೆಳಿಗ್ಗೆ ಎಂಟೂಮುಕ್ಕಾಲರ ಸುಮಾರಿಗೆ ಕಛ್ ನಡುಗಿತು. ಸುಮಾರು 20,000 ಜನ ಅಲ್ಲಾಹನ ಕಡೆಗೆ ಮರಳಿದರು. ಲಕ್ಷಗಟ್ಟಲೆ ಮನೆಗಳು ನೆಲಸಮವಾದವು. ಭಚಾವು ಪಟ್ಟಣ ಮಣ್ಣುಪಾಲಾಯಿತು, ಭುಜ್‌ನ ಹಳೆಯ ಕೇರಿಗಳು ಕುಸಿದವು. ಕೇಂದ್ರಬಿಂದುವಿಗೆ ದೂರವಲ್ಲದ ಧಮಡ್ಕಾದಲ್ಲಿ ಮನೆಗಳು ಉರುಳಿದವು, ಶೆಡ್ಡುಗಳು, ತೊಟ್ಟಿಗಳು ಒಡೆದವು. ತಲೆಮಾರುಗಳ ಅಚ್ಚುಗಳು ಕಲ್ಲುಮಣ್ಣಿನಡಿ ಹೂತುಹೋದವು.

ಮನೆ ಬಿದ್ದರೆ ಕಟ್ಟಬಹುದು. ಅಚ್ಚು ಮುರಿದರೆ ಕೆತ್ತಿಸಬಹುದು. ಆದರೆ ಧಮಡ್ಕಾದವರಿಗೆ ಕ್ರಮೇಣ ಬೇರೊಂದು ನಷ್ಟದ ಅರಿವಾಯಿತು. ಸಾರಣ್ ನದಿ ಅದಕ್ಕೆ ಮೊದಲೇ ಬತ್ತಿತ್ತು, ಕೆಲಸ ನಡೆಯುತ್ತಿದ್ದದ್ದು ಬಾವಿಯ ನೀರಿನಿಂದ. ಭೂಕಂಪದ ನಂತರ ಆ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಯಿತು. ಕುಡಿಯುವವರಿಗೆ ಇದರಿಂದ ದೊಡ್ಡ ವ್ಯತ್ಯಾಸ ಕಾಣಲಿಕ್ಕಿಲ್ಲ. ಬಣ್ಣಗಾರರಿಗೆ ಅದು ಹೊಟ್ಟೆಯ ಮೇಲಿನ ಏಟು. ಬಟ್ಟೆಯಲ್ಲಿ ಅಣಲೆಕಾಯಿಯ ಒಗರಿದೆ, ಈಗ ತೊಳೆಯುವ ನೀರಿನಲ್ಲೇ ಕಬ್ಬಿಣವಿದೆ. ಬಾಳೆಕಾಯಿ ಹೆಚ್ಚಿದ ಕತ್ತಿಯಂತೆ ಬಿಳಿಯೂ ಕೆಂಪೂ ಮಸುಕಾಗತೊಡಗಿದವು. ಬಣ್ಣದಲ್ಲಿ ದೋಷವಿಲ್ಲ, ಕೈಯಲ್ಲಿ ದೋಷವಿಲ್ಲ, ಆದರೂ ಬಟ್ಟೆ ಕೆಡುತ್ತದೆ ಎಂದರೆ ಆ ಕುಟುಂಬಗಳು ಪಟ್ಟ ಸಂಕಟವನ್ನು ಊಹಿಸಬಹುದು.

ಪರಿಹಾರದ ಹಣ, ಸರಕಾರದ ಯೋಜನೆ, ದಾನಿಗಳ ಡೇರೆ ಇವೆಲ್ಲ ಇದ್ದ ಜಾಗದಲ್ಲೇ ಮನೆ ಕಟ್ಟಿಕೊಡಬಲ್ಲವು. ನೀರನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗದು. ಇಸ್ಮಾಯೀಲ್ ಅವರೂ ಇತರ ಖತ್ರಿ ಕುಟುಂಬಗಳೂ ಕೂತು ಆಲೋಚಿಸಿದರು. ಹೊಸ ಜಾಗ ಹುಡುಕುವಾಗ ಮೊದಲು ಪರೀಕ್ಷಿಸಿದ್ದು ನೀರನ್ನು. ಭುಜ್‌ನಿಂದ ಪೂರ್ವಕ್ಕೆ ಹೆಚ್ಚೆಂದರೆ ಹದಿನೈದು ಕಿಲೋಮೀಟರ್ ದೂರದಲ್ಲಿ ಒಪ್ಪುವ ನೀರು ಸಿಕ್ಕಿತು. ಅಲ್ಲಿ ಜಮೀನು ಕೊಂಡು, ಸೇವಾಸಂಸ್ಥೆಗಳ ನೆರವಿನಿಂದ ಮನೆ, ಮಸೀದಿ, ಕೆಲಸದ ಶೆಡ್ಡುಗಳನ್ನು ಎಬ್ಬಿಸಿದರು. ಊರಿಗೆ ಹೆಸರಿಡುವಾಗ ಯಾವ ನಾಯಕನ ಹೆಸರನ್ನೂ ಹುಡುಕಲಿಲ್ಲ. ಅನ್ನ ಕೊಡುವ ಬಟ್ಟೆಯ ಹೆಸರನ್ನೇ ಇಟ್ಟರು. ಅಜ್ರಖ್‌ಪುರ.

ಎಲ್ಲರೂ ಹೊರಟರೆಂದಲ್ಲ. ಧಮಡ್ಕಾ ಬಿಟ್ಟು ಬರಲು ಮನಸ್ಸಾಗದೆ ಅಲ್ಲೇ ಉಳಿದು ಕಸುಬು ಮುಂದುವರಿಸಿದವರೂ ಇದ್ದಾರೆ. ಅಜ್ಜಂದಿರ ಖಬರ್‌ಸ್ಥಾನ ಇರುವ ಊರನ್ನು ಬಿಡುವುದು ಅಷ್ಟು ಸುಲಭವೇ? ಹೊಸ ಊರಿನಲ್ಲಿ ನೆರಳಿಗೊಂದು ಮರವೂ ಇರಲಿಲ್ಲ. ಇಂಥ ಸಂದರ್ಭಗಳಲ್ಲಿ ಹೊರಡುವ ತೀರ್ಮಾನ ಗಂಡಸರದ್ದು ಎಂದು ಬರೆಯುವುದು ರೂಢಿ. ಆದರೆ ಡೇರೆಯಲ್ಲಿ ಒಲೆ ಹೂಡಿ, ಹಿರಿಯರನ್ನೂ ಕೂಸುಗಳನ್ನೂ ನೋಡಿಕೊಂಡು ಹೊಸ ಜಾಗವನ್ನು ಮನೆಯಾಗಿಸುವವರು ಯಾರು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಂಟು ಕಟ್ಟುವ ಕೈಗಳು

ಅಜ್ರಖ್ ಕುರಿತ ಲೇಖನಗಳಲ್ಲಿ, ಚಿತ್ರಗಳಲ್ಲಿ ಕಾಣಿಸುವವರು ಹೆಚ್ಚಾಗಿ ಗಂಡಸರು. ಅಚ್ಚು ಒತ್ತುವುದು, ತೊಟ್ಟಿಗಿಳಿದು ತೊಳೆಯುವುದು ಸಂಪ್ರದಾಯವಾಗಿ ಅವರ ಕೆಲಸ. ಹಾಗಾದರೆ ಖತ್ರಿ ಹೆಂಗಸರು? ಅವರ ಕೈಯಲ್ಲಿರುವುದು ಬಾಂಧಣಿ. ಬಟ್ಟೆಯ ಮೇಲೆ ಅಳಿಸಿಹೋಗುವ ಬಣ್ಣದಿಂದ ಗುರುತಿಸಿದ ಒಂದೊಂದು ಚುಕ್ಕಿಯನ್ನೂ ಉಗುರಿನ ತುದಿಯಿಂದ ಎತ್ತಿ ಹಿಡಿದು, ಅದರ ಬುಡಕ್ಕೆ ದಾರ ಸುತ್ತಿ ಬಿಗಿಯಬೇಕು. ಒಂದು ದುಪಟ್ಟಾದಲ್ಲಿ ಇಂಥ ಸಾವಿರಾರು ಚುಕ್ಕಿಗಳು. ಬಣ್ಣಕ್ಕೆ ಹಾಕಿ ಒಣಗಿದ ಮೇಲೆ ಬಟ್ಟೆಯನ್ನು ಎರಡು ಬದಿಯಿಂದ ಜಗ್ಗಿದರೆ ದಾರಗಳು ಪಟಪಟನೆ ಬಿಚ್ಚಿಕೊಳ್ಳುತ್ತವೆ. ದಾರ ಇದ್ದಲ್ಲೆಲ್ಲ ಬಿಳಿ ಚುಕ್ಕಿ ಉಳಿಯುತ್ತದೆ. ಅಡುಗೆ, ಮಕ್ಕಳು, ನಮಾಝ್, ನೆಂಟರು ಇವೆಲ್ಲದರ ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ಮಾಡುವ ಕೆಲಸ ಇದು. ಕೂಲಿ ಸಿಗುವುದು ಗಂಟುಗಳ ಎಣಿಕೆಯ ಮೇಲೆ.

ದಕ್ಷಿಣ ಕನ್ನಡದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದ ತಾಯಂದಿರು, ಅಜ್ಜಿಯಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಕೂಲಿಯೂ ಸಾವಿರದ ಲೆಕ್ಕ. ಆ ದುಡ್ಡಿನಲ್ಲಿ ಅಕ್ಕಿ ಬಂತು, ಮಕ್ಕಳ ಶಾಲೆಯ ಫೀಸು ಕಟ್ಟಲಾಯಿತು, ಎಷ್ಟೋ ಹೆಣ್ಣುಮಕ್ಕಳ ಕಿವಿಗೆ ಓಲೆ ಬಂತು. ಬೀಡಿಗೆ ಹೋಲಿಸಿದರೆ ಬಾಂಧಣಿ ಹೊಗೆ, ದೂಳು ಇಲ್ಲದ ಕೆಲಸ ಎಂಬುದು ನಿಜ. ಆದರೆ ಕಣ್ಣು ಸೋಲುವುದು, ಕುತ್ತಿಗೆ ಹಿಡಿಯುವುದು ಎರಡರಲ್ಲೂ ಇದೆ. ಇನ್ನೊಂದು ಸಾಮ್ಯವೂ ಇದೆ. ಮಾಡಿದವಳ ಹೆಸರು ಎರಡರಲ್ಲೂ ಎಲ್ಲೂ ಬರುವುದಿಲ್ಲ. ಬಟ್ಟೆಯ ಮೇಲೆ ಬಣ್ಣಗಾರನ ಅಥವಾ ಅಂಗಡಿಯ ಹೆಸರು ಇರುತ್ತದೆ, ಹತ್ತು ಸಾವಿರ ಗಂಟು ಕಟ್ಟಿದ ಹೆಣ್ಣಿನ ಹೆಸರು ಇರುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪ್ರವಾದಿ(ಸ)ರ ಪತ್ನಿ ಹಝ್ರತ್ ಝೈನಬ್ ಬಿಂತಿ ಜಹ್ಶ್(ರ) ತೊಗಲು ಹದ ಮಾಡಿ, ಹೊಲಿದು, ಸ್ವಂತ ಕೈಯ ಆ ಸಂಪಾದನೆಯನ್ನು ಬಡವರಿಗೆ ಹಂಚುತ್ತಿದ್ದರು. ಆ ಕೆಲಸ ಅವರ ಹೆಸರಿನಲ್ಲೇ ಇಂದಿಗೂ ಉಳಿದಿದೆ. ಹೆಣ್ಣಿನ ದುಡಿಮೆಯನ್ನು 'ಬಿಡುವಿನ ಕೆಲಸ' ಎಂದು ಕರೆದು ಲೆಕ್ಕದಿಂದ ಬಿಡುವ ಪದ್ಧತಿ ನಾವು ಎಲ್ಲಿಂದ ಕಲಿತೆವೋ ತಿಳಿಯದು.

ಬದಲಾವಣೆ ಇಲ್ಲದಿಲ್ಲ. 2005ರಲ್ಲಿ ಕಛ್‌ನಲ್ಲಿ ಕಸುಬುದಾರರಿಗೆಂದೇ 'ಕಲಾ ರಕ್ಷಾ ವಿದ್ಯಾಲಯ' ಎಂಬ ವಿನ್ಯಾಸ ಶಾಲೆ ಆರಂಭವಾಯಿತು. ಪದವಿ ಬೇಡ, ಇಂಗ್ಲಿಷ್ ಬೇಡ. ವರ್ಷದಲ್ಲಿ ಕೆಲವು ಬಾರಿ ಎರಡೆರಡು ವಾರ ಬಂದು ಕಲಿತು ಮನೆಗೆ ಮರಳಿ ಕೆಲಸ ಮುಂದುವರಿಸುವ ವ್ಯವಸ್ಥೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ತರಗತಿ ಇದ್ದುದರಿಂದ ಮನೆಯ ಹಿರಿಯರು ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವುದು ಕಡಿಮೆಯಾಯಿತು. 2014ರಲ್ಲಿ ಅದೇ ಶಿಕ್ಷಣಕ್ರಮ 'ಸೋಮಯ್ಯ ಕಲಾ ವಿದ್ಯಾ' ಎಂಬ ಸಂಸ್ಥೆಯಲ್ಲಿ ಮುಂದುವರಿಯಿತು. ಬೇರೆಯವರು ಗುರುತು ಹಾಕಿಕೊಟ್ಟ ಚುಕ್ಕಿಯನ್ನು ಕಟ್ಟುತ್ತಿದ್ದವರಿಗೆ ಚುಕ್ಕಿ ಎಲ್ಲಿರಬೇಕು ಎಂದು ತಾವೇ ನಿರ್ಧರಿಸುವ ಅವಕಾಶ ಸಿಕ್ಕಿತು. ನಾಲ್ಕಾಣೆ ಕೂಲಿ ಹೆಚ್ಚಿಸುವುದಕ್ಕಿಂತ ಇದು ದೊಡ್ಡ ವಿಷಯ.

ಮನೆಯ ವ್ಯಾಪಾರ, ಮನೆಯ ಮರ್ಯಾದೆ

ಇಸ್ಮಾಯೀಲ್ ಅವರ ಮಗ ಸುಫಿಯಾನ್ ಈ ಕಸುಬಿನಲ್ಲಿ ಹತ್ತನೆಯ ತಲೆಮಾರು ಎಂದು ಲೆಕ್ಕ. ಅಜ್ಜ ದನಗಾಹಿಗೆ ಲುಂಗಿ ಒತ್ತಿದರು, ಮೊಮ್ಮಗ ರೇಷ್ಮೆಯ ಮೇಲೂ, ತೆಳು ಹತ್ತಿಯ ಸೀರೆಯ ಮೇಲೂ ಒತ್ತುತ್ತಾರೆ. ಗಿರಾಕಿ ಈಗ ದಿಲ್ಲಿಯಲ್ಲಿ, ಮುಂಬಯಿಯಲ್ಲಿ, ಜಪಾನಿನಲ್ಲಿ, ಯುರೋಪಿನಲ್ಲಿ. ಯಾವ ದನಗಾಹಿಯ ಮೈಗಾಗಿ ಹುಟ್ಟಿದ ಬಟ್ಟೆಯೋ ಅದನ್ನು ಕೊಳ್ಳಲು ಅವನ ಮೊಮ್ಮಗನಿಗೆ ಶಕ್ತಿಯಿಲ್ಲ. ಅವನು ಅದೇ ವಿನ್ಯಾಸದ ಪಾಲಿಯೆಸ್ಟರ್ ಉಡುತ್ತಾನೆ. ಇದನ್ನು ಏಳಿಗೆ ಎನ್ನಬೇಕೋ ನಷ್ಟ ಎನ್ನಬೇಕೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಕಸುಬು ಉಳಿದದ್ದು ಮಾತ್ರ ಈ ದಾರಿಯಿಂದಲೇ.

ಬೇಡಿಕೆ ಹೆಚ್ಚಾದಂತೆ ನಕಲಿಯೂ ಹೆಚ್ಚಾಯಿತು. ಸ್ಕ್ರೀನ್‌ನಿಂದ, ಯಂತ್ರದಿಂದ ಒಂದೇ ದಿನದಲ್ಲಿ ಸಾವಿರಾರು ಮೀಟರ್ ಮುದ್ರಿಸಿ 'ಅಜ್ರಖ್' ಎಂದು ಮಾರುತ್ತಾರೆ. ಯಂತ್ರದ ಬಟ್ಟೆ ಮಾರುವುದು ತಪ್ಪಲ್ಲ, ಅದನ್ನು ಕೈಮುದ್ರಣ ಎಂದು ಹೇಳಿ ಮಾರುವುದು ತಪ್ಪು. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈ ಹಾಕಿದಾಗ ಒಳಗೆ ಒದ್ದೆ ತಾಗಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. 2024ರಲ್ಲಿ 'ಕಛ್ ಅಜ್ರಖ್'ಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆಗಳಿಗೆ ಸಿಕ್ಕಿರುವಂಥದ್ದೇ ಮಾನ್ಯತೆ ಇದು. ಕಾನೂನಿನ ಬಲ ಬಂತು, ಆದರೆ ಕೊಳ್ಳುವವರಿಗೆ ಕಣ್ಣು ಬರದೆ ಕಾನೂನೊಂದೇ ಏನು ಮಾಡೀತು?

ಪ್ರಾಮಾಣಿಕತೆಯ ಪ್ರಶ್ನೆ ಕಸುಬುದಾರರ ಒಳಗೂ ಇದೆ. ಮಂಜಿಷ್ಠದ ಬೇರಿನ ಬದಲು ಕೃತಕ ಅಲಿಜರಿನ್ ಪುಡಿ ಬಳಸುವವರು ಸಾಕಷ್ಟಿದ್ದಾರೆ. ಬೇರು ದುಬಾರಿ, ಪುಡಿ ಅಗ್ಗ. ಏನು ಬಳಸಿದ್ದೇವೆ ಎಂದು ಗಿರಾಕಿಗೆ ಇದ್ದುದನ್ನು ಇದ್ದ ಹಾಗೆ ಹೇಳಿದರೆ ಅದರಲ್ಲಿ ಮೋಸವಿಲ್ಲ. ಮನೆಯಿಂದ ಮಸಾಲೆಪುಡಿ, ಉಪ್ಪಿನಕಾಯಿ, ಹೊಲಿಗೆ, ಮೆಹೆಂದಿ ಎಂದು ಸಣ್ಣ ವ್ಯಾಪಾರ ನಡೆಸುವ ನಮ್ಮ ಸಹೋದರಿಯರಿಗೂ ಇದೇ ಪ್ರಶ್ನೆ ದಿನವೂ ಎದುರಾಗುತ್ತದೆ.

ಮತ್ತೆ ನೀರಿನ ಮಾತು. ಕಛ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ನಾಲ್ಕುನೂರು ಮಿಲಿಮೀಟರ್, ಕೆಲವು ವರ್ಷ ಅದೂ ಇಲ್ಲ. ನಮ್ಮ ಕರಾವಳಿಯಲ್ಲಿ ಮೂರೂವರೆ ಸಾವಿರವನ್ನೂ ಮೀರುತ್ತದೆ. ಅಂಥ ಒಣನಾಡಿನಲ್ಲಿ ಹೆಜ್ಜೆಹೆಜ್ಜೆಗೂ ತೊಳೆಯಬೇಕಾದ ಕಸುಬು! ಅಜ್ರಖ್‌ಪುರಕ್ಕೆ ಕುಟುಂಬಗಳು ಬಂದು ಸೇರಿದಂತೆ, ಕೆಲಸ ಹೆಚ್ಚಿದಂತೆ ಅಲ್ಲಿಯ ಅಂತರ್ಜಲವೂ ಕೆಳಗಿಳಿಯತೊಡಗಿತು. ಒಂದು ತೊಟ್ಟಿಯ ನೀರನ್ನು ಮುಂದಿನ ಹಂತಕ್ಕೆ ಬಳಸುವುದು, ಬಣ್ಣದ ನೀರನ್ನು ಶುದ್ಧೀಕರಿಸಿ ಮರಳಿ ಬಳಸುವುದು, ಹೊಲಕ್ಕೆ ಬಿಡುವುದು ಇಂಥ ಪ್ರಯತ್ನಗಳು ನಡೆದಿವೆ. ಹರಿಯುವ ನದಿಯ ದಂಡೆಯಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ಕಲಿತ ಸಮುದಾಯಕ್ಕೆ ಇದು ಹೊಸ ಪಾಠವಲ್ಲ. ಆದರೆ ವುಝೂವಿನ ನೀರಿನಷ್ಟು ಸುಲಭದಲ್ಲಿ ಕಸುಬಿನ ನೀರನ್ನು ಕಡಿಮೆ ಮಾಡಲಾಗದು. ಮೂರನೆಯ ಬಾರಿ ಊರು ಬಿಡಬೇಕಾಗದಿರಲಿ ಎಂಬುದು ಆ ಕುಟುಂಬಗಳ ದುಆ, ಇನ್ಶಾ ಅಲ್ಲಾಹ್ ಹಾಗೆಯೇ ಆಗಲಿ.

ಕೊಳ್ಳುವವರಿಗೆ ಎರಡು ಮಾತು

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕಛ್ಛಿ ಮೇಮನ್ ಕುಟುಂಬಗಳು ಬಹುಕಾಲದಿಂದ ನೆಲೆಸಿವೆ. ಅವರ ಹಿರಿಯರ ಪೆಟ್ಟಿಗೆಗಳಲ್ಲಿ ಹಳೆಯ ಅಜ್ರಖ್ ಅಥವಾ ಬಾಂಧಣಿ ಇದ್ದರೂ ಇರಬಹುದು, ಪರಿಚಯವಿದ್ದರೆ ಕೇಳಿ ನೋಡಿ. ಹಳೆಯದನ್ನು ಒಮ್ಮೆ ಕೈಯಲ್ಲಿ ಹಿಡಿದವರು ನಕಲಿಗೆ ಸುಲಭವಾಗಿ ಮೋಸಹೋಗುವುದಿಲ್ಲ.

ಹೊಸದನ್ನು ಕೊಳ್ಳುವಾಗ ಬಟ್ಟೆಯನ್ನು ಪೂರ್ತಿ ಬಿಡಿಸಿ ನೋಡಿ. ಅಚ್ಚಿನ ಪಕ್ಕ ಅಚ್ಚು ಕೂತ ಜಾಗದಲ್ಲಿ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ವ್ಯತ್ಯಾಸ ಕಾಣಬೇಕು, ಗೆರೆ ಕೆಲವೆಡೆ ದಪ್ಪ, ಕೆಲವೆಡೆ ತೆಳುವಾಗಿರಬೇಕು. ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಎಲ್ಲವೂ ಒಂದೇ ಎರಕದಂತಿದ್ದರೆ ಅದು ಯಂತ್ರದ್ದು. ಹಿಂಬದಿಯನ್ನೂ ನೋಡಿ. ತೊಟ್ಟಿಯಲ್ಲಿ ಅದ್ದಿದ ಬಟ್ಟೆಯಾದ್ದರಿಂದ ನೀಲಿ, ಕೆಂಪು ಎರಡೂ ನೂಲಿನೊಳಕ್ಕೆ ಇಳಿದಿರುತ್ತವೆ, ಬರೀ ಮೇಲೆ ಮುದ್ರಿಸಿದ್ದರ ಹಿಂಬದಿ ಪೇಲವವಾಗಿರುತ್ತದೆ. ಹೊಸತರಲ್ಲಿ ನೀಲಿ ಸ್ವಲ್ಪ ಕೈಗೆ ಹತ್ತುವುದುಂಟು, ಹೆದರಬೇಕಾಗಿಲ್ಲ.

ಮೊದಲ ಕೆಲವು ಬಾರಿ ಬೇರೆ ಬಟ್ಟೆಗಳ ಜೊತೆ ಹಾಕದೆ ತಣ್ಣೀರಿನಲ್ಲಿ ಮೆದು ಸಾಬೂನಿನಿಂದ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಲಿಂಬೆಹಣ್ಣಿನ ರಸ ಸಿಡಿದರೆ ಕೂಡಲೇ ತೊಳೆದುಬಿಡಿ, ಕಬ್ಬಿಣದಿಂದ ಬಂದ ಕಪ್ಪನ್ನು ಹುಳಿ ತಿಂದುಹಾಕುತ್ತದೆ.